ಇಬ್ಬರಲ್ಲಿ ಒಬ್ಬಳು

ಕಮಲಾದೇವಿಯ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚಾಚಿ ಕೂತವರು ಹೊಟ್ಟೆಯಲ್ಲಿರುವುದನ್ನೆಲ್ಲ ಹೇಳಿಬಿಡುತ್ತಾರೆ ಎಂಬ ಮಾತು ಬನಶಂಕರಿ ಎರಡನೇ ಹಂತದ ಹೆಂಗಸರಲ್ಲಿ ಇದೆ. ಹುಬ್ಬು ತೀಡಿಸಿಕೊಳ್ಳಲು ಬಂದವರು ಸೊಸೆಯ ಸುದ್ದಿ ಹೇಳುತ್ತಾರೆ, ಫೇಶಿಯಲ್ಲಿಗೆ ಬಂದವರು ಗಂಡನ ಸುದ್ದಿ ಹೇಳುತ್ತಾರೆ. ಕಮಲಾದೇವಿ ಹೂಂ ಅನ್ನುತ್ತಾಳೆಯೇ ಹೊರತು ಒಂದು ಕಿವಿಯ ಮಾತನ್ನು ಇನ್ನೊಂದು ಕಿವಿಗೆ ದಾಟಿಸಿದವಳಲ್ಲ. ಪಾರ್ಲರ್ ಇಷ್ಟು ವರ್ಷ ನಿಂತಿರುವುದೇ ಆ ಗುಣದಿಂದ ಎಂದು ಗಂಡ ವಿಜಯಕುಮಾರ್ ಹೇಳುವುದುಂಟು.

ಅವಳ ತಂದೆ ಚನ್ನಬಸವಯ್ಯ ಹಿರಿಯೂರಿನ ಕಡೆಯವರು. ಅಕ್ಕಿ ಮಂಡಿಯಲ್ಲಿ ತೂಕ ನೋಡುವ ಕೆಲಸ ಹಿಡಿದು ಬೆಂಗಳೂರಿಗೆ ಬಂದು, ಹೊಸಕೆರೆಹಳ್ಳಿಯಲ್ಲಿ ಒಂದು ಶೀಟಿನ ಮನೆ ಮಾಡಿದ್ದರು. ಕಮಲಾದೇವಿ ಹುಟ್ಟಿ ಬೆಳೆದದ್ದು ಅಲ್ಲೇ. ಮದುವೆಯಾಗಿ ತ್ಯಾಗರಾಜನಗರಕ್ಕೆ ಬಂದ ಮೇಲೆ ಬ್ಯೂಟೀಶಿಯನ್ ಕೋರ್ಸಿಗೆ ಸೇರುತ್ತೇನೆಂದಾಗ ಅತ್ತೆ ಊಟ ಬಿಟ್ಟು ಎದ್ದುಹೋಗಿದ್ದರಂತೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಕಂಡಕಂಡವರ ಕಾಲು ಉಜ್ಜುವುದೇ ಎಂಬುದು ಅವರ ಸಂಕಟ. "ಕಾಯಕ ಅಂದ್ಮೇಲೆ ಅದ್ರಲ್ಲಿ ಕಾಲು ಬೇರೆ ತಲೆ ಬೇರೆ ಅಂತ ಉಂಟಾ ಅತ್ತೆ?" ಎಂದು ಸೊಸೆ ಕೇಳಿದಳು. ಆಮೇಲೆ ಪಾರ್ಲರ್ ಶುರುವಾದ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿದವರು ಅವರೇ.

ಲಾಲ್‌ಮಾವಿ ಆ ಪಾರ್ಲರಿಗೆ ಕೆಲಸಕ್ಕೆ ಬಂದು ಆರು ವರ್ಷವಾಗಿತ್ತು. ಮಿಜೋರಾಂನ ಗುಡ್ಡದ ಊರೊಂದರಿಂದ ಬಂದವಳು, ಬಿಟಿಎಂ ಲೇಔಟಿನ ತಾವರೆಕೆರೆಯಲ್ಲಿ ಇಬ್ಬರು ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಮೊದಮೊದಲು ಗಿರಾಕಿಗಳು "ಆ ನೇಪಾಳಿ ಹುಡುಗಿ ಬೇಡ, ನೀವೇ ಮಾಡಿ" ಎನ್ನುತ್ತಿದ್ದರು. ನೇಪಾಳಿಯಲ್ಲ ಎಂದು ಕಮಲಾದೇವಿ ಎಷ್ಟೋ ಜನಕ್ಕೆ ತಿದ್ದಿ ಹೇಳಿ ಸೋತಳು. ಆಮೇಲೆ ಅವಳ ಕತ್ತರಿಯ ಕೆಲಸ ನೋಡಿದವರೇ ಫೋನು ಮಾಡಿ, "ಮಾವಿ ಇದ್ದಾಳಾ? ಇದ್ರೆ ಬರ್ತೀನಿ" ಎನ್ನತೊಡಗಿದರು. ಕನ್ನಡವನ್ನು ಅವಳು ಕಲಿತದ್ದು ಇದೇ ಗಿರಾಕಿಗಳಿಂದ. ಹಾಗಾಗಿ ಅವಳ ಕನ್ನಡದಲ್ಲಿ ಜಯನಗರದ ಆಂಟಿಯರ ರಾಗ ಇತ್ತು.

ಆ ವರ್ಷ ಮದುವೆ ಸೀಸನ್ ಜೋರಾಗಿತ್ತು. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಿಂದ ಶಾಲಿನಿ ಎಂಬ ಹಳೆಯ ಗಿರಾಕಿ, ತಂಗಿಯ ಮದುವೆ ಎಂದು ಮನೆಗೇ ಕರೆಸಿಕೊಂಡಳು. ತಲೆಗೂದಲಿಗೆ ಮಾವಿ ಹೋದಳು, ಮೇಕಪ್ಪಿಗೆ ಅಂಜನಾ ಹೋದಳು. ಅಂಜನಾ ಕತ್ರಿಗುಪ್ಪೆಯ ಹುಡುಗಿ, ಮಾವಿಯಷ್ಟೇ ವಯಸ್ಸಿನವಳು. ಇಬ್ಬರೂ ಒಂದೇ ಆಟೋದಲ್ಲಿ ಹೋಗಿ, ಒಂದೇ ಕೋಣೆಯಲ್ಲಿ ಕೆಲಸ ಮಾಡಿ, ಒಂದೇ ಆಟೋದಲ್ಲಿ ವಾಪಸ್ಸು ಬಂದರು. ಮನೆ ತುಂಬ ನೆಂಟರಿದ್ದರು. ಹೂವಿನವರು, ಟೈಲರು, ಅಡುಗೆಯವರು ಬಂದುಹೋಗುತ್ತಿದ್ದರು.

ಮಾರನೆಯ ದಿನ ಶಾಲಿನಿಯ ಎರಡೆಳೆ ಚಿನ್ನದ ಸರ ಕಾಣಲಿಲ್ಲ. ಅವಳು ಠಾಣೆಗೆ ದೂರು ಕೊಟ್ಟಳು.

ಪೊಲೀಸರು ಪಾರ್ಲರಿಗೆ ಬಂದ ಹೊತ್ತಿನಲ್ಲಿ ಕಮಲಾದೇವಿ ಸಾಮಾನು ತರಲು ಚಿಕ್ಕಪೇಟೆಗೆ ಹೋಗಿದ್ದಳು. ಬಂದ ಇಬ್ಬರು ಪೇದೆಗಳು ಬಾಗಿಲಲ್ಲೇ ನಿಂತು, "ಆ ನಾರ್ತ್ ಈಸ್ಟ್ ಹುಡುಗಿ ಎಲ್ಲಿ?" ಎಂದು ಕೇಳಿದರು. ಮಾವಿ ಕೈಯಲ್ಲಿದ್ದ ಬಾಚಣಿಗೆ ಇಟ್ಟು ಎದುರು ಬಂದಳು. ಸರದ ವಿಷಯ ತಿಳಿದೊಡನೆ ಅಂಜನಾ, "ಸಾರ್, ನಾನೂ ಹೋಗಿದ್ದೆ ಆ ಮನೆಗೆ" ಎಂದಳು.

"ನಿನ್ನನ್ನ ಯಾರಮ್ಮ ಕೇಳಿದ್ರು? ನೀನು ನಿನ್ನ ಕೆಲಸ ನೋಡ್ಕೋ," ಎಂದ ಒಬ್ಬ.

ಮಾವಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದರು. ಅರ್ಧ ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯೊಬ್ಬಳು ಕನ್ನಡಿಯಲ್ಲೇ ಎಲ್ಲ ನೋಡಿದಳು. ಅಂಜನಾ ಆ ಉಳಿದರ್ಧ ತಲೆಗೆ ಬಣ್ಣ ಹಚ್ಚುತ್ತಲೇ ಭುಜದಲ್ಲಿ ಫೋನು ಒತ್ತಿಕೊಂಡು ಕಮಲಾದೇವಿಗೆ ಸುದ್ದಿ ಮುಟ್ಟಿಸಿದಳು.

ಕಮಲಾದೇವಿ ಚಿಕ್ಕಪೇಟೆಯಿಂದ ಮೆಟ್ರೋ ಹತ್ತಿದವಳು ಮನೆಗೂ ಹೋಗಲಿಲ್ಲ, ಅಂಗಡಿಗೂ ಹೋಗಲಿಲ್ಲ. ಶಾಂಪೂ ಬಾಟಲಿಗಳ ಚೀಲವನ್ನು ಹೊತ್ತುಕೊಂಡೇ ಠಾಣೆಗೆ ಹೋದಳು. ಅವಳ ತಮ್ಮ ಸೋಮನಾಥ್ ಪೊಲೀಸ್ ಇಲಾಖೆಯಲ್ಲೇ ಎ.ಎಸ್.ಐ., ನಗರದ ಇನ್ನೊಂದು ಭಾಗದಲ್ಲಿ ಕೆಲಸ. ಅವನಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಅವಳು ಫೋನು ತೆಗೆಯಲಿಲ್ಲ. ಶಿಫಾರಸಿನಿಂದ ಬಿಡಿಸಿಕೊಂಡು ಬಂದರೆ ಮಾವಿ ತಪ್ಪು ಮಾಡಿದವಳೇ ಆಗಿಬಿಡುತ್ತಾಳೆ ಎಂದು ಅವಳಿಗೆ ದಾರಿಯಲ್ಲಿ ಅನ್ನಿಸಿತ್ತು.

ಮಾವಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಅವಳ ಫೋನು ಮೇಜಿನ ಮೇಲಿತ್ತು. ಸಬ್ ಇನ್‌ಸ್ಪೆಕ್ಟರು ಚಿಕ್ಕ ವಯಸ್ಸಿನವರು, ಒರಟರಲ್ಲ.

"ಸುಮ್ನೆ ಎನ್ಕ್ವೈರಿ ಮೇಡಂ. ಗಾಬರಿ ಆಗ್ಬೇಡಿ," ಎಂದರು.

"ಗಾಬರಿ ಇಲ್ಲ ಸಾರ್. ನಮ್ಮ ಪಾರ್ಲರಿಂದ ಆ ಮನೆಗೆ ಎಷ್ಟು ಜನ ಹೋಗಿದ್ರು?"

"ಇಬ್ರು ಅಂತ ಕಂಪ್ಲೇಂಟಲ್ಲಿದೆ."

"ಇನ್ನೊಬ್ಬಳು ಎಲ್ಲಿ?"

ಅವರು ಪೆನ್ನು ಕೆಳಗಿಟ್ಟರು. "ಅವಳು ಲೋಕಲ್ ಅಲ್ವಾ? ಅಪ್ಪ ಅಮ್ಮ ಇಲ್ಲೇ ಇದ್ದಾರೆ. ಬೇಕು ಅಂದಾಗ ಸಿಗ್ತಾಳೆ. ಇವಳು ನಾಳೆ ಟ್ರೈನ್ ಹತ್ತಿಬಿಟ್ರೆ ನಾವು ಎಲ್ಲಿಗೆ ಹೋಗಿ ಹುಡುಕೋಣ ಹೇಳಿ."

"ಆರು ವರ್ಷದಿಂದ ಹತ್ತದೇ ಇರೋಳು ನಾಳೆ ಹತ್ತುತ್ತಾಳಾ? ಅವತ್ತು ಆ ಮನೇಲಿ ಊರಿಂದ ಬಂದ ನೆಂಟರಿದ್ರು. ಅವರೂ ಬಸ್ಸು ಹತ್ತಿ ಹೋಗಿದ್ದಾರೆ. ಅವರನ್ನೂ ಕರೆಸಿ. ಅಂಜನಾನ ನಾನೇ ಕರೆಸ್ತೀನಿ. ಬೆಂಚು ಸಾಲದಿದ್ರೆ ನಾನು ನಿಂತ್ಕೋತೀನಿ."

"ಮನೆಯವರ ನೆಂಟರನ್ನ ಹೆಂಗೆ ಮೇಡಂ ಸ್ಟೇಷನ್‌ಗೆ ಕರೆಸೋದು?" ಎಂದುಬಿಟ್ಟರು ಅವರು. ಅಂದ ಮೇಲೆ ಅವರಿಗೇ ಆ ಮಾತು ಕೇಳಿಸಿರಬೇಕು, ಮುಖ ಸ್ವಲ್ಪ ಕೆಂಪಾಯಿತು.

ಕಮಲಾದೇವಿ ದನಿ ಏರಿಸಲಿಲ್ಲ. ಆದರೆ ಜಗ್ಗಲೂ ಇಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ, ಕರೆದಾಗ ಬರಬೇಕು ಎಂದು ಹೇಳಿ ಮಾವಿಯನ್ನು ಕಳಿಸಿದರು. ಅವಳ ಕೈ ಹಿಡಿದು ಹೊರಟಾಗ ಹಿಂದಿನಿಂದ ಒಂದು ದನಿ ಬಂತು.

"ನನ್ನೂ ಬಿಡ್ತಾರೇನ್ರಿ ಅಕ್ಕಾರ?"

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಹುಲಿಗೆವ್ವ, ಕೊಪ್ಪಳದ ಕಡೆಯವಳು. ಶಾಲಿನಿಯ ಮನೆಯಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ಬೆಳಿಗ್ಗೆ ಮೊದಲು ಕರೆತಂದದ್ದು ಅವಳನ್ನೇ. ಕಮಲಾದೇವಿ ಅಷ್ಟು ಹೊತ್ತು ಅಲ್ಲಿದ್ದೂ ಅವಳ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಆ ಕ್ಷಣ ಅವಳಿಗೆ ತನ್ನ ಬಗ್ಗೆಯೇ ಕಸಿವಿಸಿಯಾಯಿತು. ಬಾಗಿಲ ತನಕ ಹೋದವಳು ತಿರುಗಿ ಬಂದು, "ಸಾರ್, ಇವರನ್ನ ಯಾವ ಟ್ರೈನ್ ಹತ್ತುತ್ತಾರೆ ಅಂತ ಕೂರಿಸಿದ್ದೀರಿ?" ಎಂದು ಕೇಳಿದಳು. ಇನ್ನರ್ಧ ಗಂಟೆಯಲ್ಲಿ ಮೂವರೂ ಒಟ್ಟಿಗೆ ಠಾಣೆಯ ಮೆಟ್ಟಿಲಿಳಿದರು. ಎದುರಿನ ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂದರು. ಹುಲಿಗೆವ್ವ, ಮುಂಜಾನೆಯಿಂದ ಏನೂ ತಿಂದಿಲ್ಲ ಎಂದು ಹೇಳಿ ಇನ್ನೊಂದು ಪ್ಲೇಟು ತರಿಸಿಕೊಂಡಳು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ಠಾಣೆಯಲ್ಲಿ ಯಾರೋ ಮಾವಿಯ ಫೋಟೋ ತೆಗೆದಿದ್ದರು. ಎರಡು ದಿನದಲ್ಲಿ ಅದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬಂತು, ಅಲ್ಲಿಂದ ಸುತ್ತಮುತ್ತಲ ಗುಂಪುಗಳಿಗೆ ಹಬ್ಬಿತು. "ಎಚ್ಚರಿಕೆ, ಈ ಹುಡುಗಿಯನ್ನು ಮನೆಗೆ ಸೇರಿಸಬೇಡಿ" ಎಂದು ಕೆಳಗೆ ಬರೆದಿತ್ತು. ಗಿರಾಕಿಯೊಬ್ಬಳು ಅದನ್ನು ತೋರಿಸಿದಾಗ ಕಮಲಾದೇವಿಯ ಮೈ ಉರಿಯಿತು. ಮಾವಿ ಅಂದಿನಿಂದ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕೆಲಸ ಮಾಡತೊಡಗಿದಳು.

ಆ ಭಾನುವಾರ ಸೋಮನಾಥ್ ಅಕ್ಕನ ಮನೆಗೆ ಊಟಕ್ಕೆ ಬಂದ. ಅವರೇಕಾಳು ಹುಳಿಯ ಮುಂದೆ ಅಕ್ಕ ತಮ್ಮನಿಗೆ ದೊಡ್ಡ ವಾದವೇ ನಡೆಯಿತು.

"ಅಕ್ಕ, ನೀನು ಇದನ್ನ ಜಾತಿ, ಮುಖ, ಬಣ್ಣ ಅಂತ ನೋಡ್ತಿದ್ದೀಯ. ನಮಗೆ ಅದೆಲ್ಲ ಇಲ್ಲ. ನಮಗಿರೋದು ಅನುಭವ," ಎಂದ ಸೋಮನಾಥ್.

"ಏನು ಅನುಭವ ಹೇಳು."

"ಬಾಡಿಗೆ ರೂಮಲ್ಲಿರೋರು ರಾತ್ರೋರಾತ್ರಿ ಖಾಲಿ ಮಾಡ್ಕೊಂಡು ಹೋಗಿರೋ ಕೇಸು ಎಷ್ಟು ನೋಡಿದ್ದೀನಿ ಗೊತ್ತಾ? ಯಾರು ಕೈಗೆ ಸಿಗದೇ ಹೋಗ್ತಾರೋ ಅವರನ್ನ ಮೊದಲು ಹಿಡಿಯೋದು. ಅದು ಕೆಲಸದ ರೀತಿ."

"ಹಾಗಾದ್ರೆ ಸಿಕ್ಕೋದೂ ಅವರೇ ತಾನೆ? ಯಾರನ್ನ ಹಿಡೀತೀರೋ ಅವರೇ ಕಳ್ಳರಾಗಿ ಕಾಣ್ತಾರೆ. ಕಂಡಿದ್ದನ್ನೇ ಅನುಭವ ಅಂತೀರ. ಅಂಜನಾ ಮನೆ ಬಾಗಿಲಿಗೆ ಒಂದು ಸಲನೂ ಹೋಗದೆ, ಅವಳು ಕಳ್ಳಿ ಅಲ್ಲ ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

"ಅಂಜನಾ ಕದ್ದಿದ್ದಾಳೆ ಅಂತೀಯಾ ಈಗ?"

"ಇಲ್ಲಪ್ಪ. ಮಾವಿ ಕದ್ದಿಲ್ಲ ಅಂತಾನೂ ನಾನು ನಿಮ್ಮ ಹತ್ರ ವಾದ ಮಾಡ್ತಿಲ್ಲ. ನನಗೆ ಗೊತ್ತು, ನಿಮಗೆ ಗೊತ್ತಿಲ್ಲ, ಸರಿ. ಕೇಳಿ. ಆದ್ರೆ ಇಬ್ಬರನ್ನೂ ಒಂದೇ ಥರ ಕೇಳಿ. ನಾಳೆ ಸರ ಸಿಕ್ಕಿದ್ರೂ ಸಿಗದಿದ್ರೂ ನನ್ನ ಮಾತು ಇದೇ."

ಸೋಮನಾಥ್ ಕೆಟ್ಟವನಲ್ಲ. ಇಪ್ಪತ್ತೈದು ವರ್ಷ ಬಂದೋಬಸ್ತಿನ ಬಿಸಿಲಲ್ಲಿ ನಿಂತವನು, ಇಲಾಖೆಯನ್ನು ಹೊರಗಿನವರು ಬೈದರೆ ಅವನಿಗೆ ಮನೆಯವರನ್ನೇ ಬೈದಂತಾಗುತ್ತಿತ್ತು. ಈಗ ಬೈಯುತ್ತಿದ್ದವಳು ಮನೆಯವಳೇ. ಕೈ ತೊಳೆದು ಬಂದು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ: "ಹೆಣ್ಣುಮಕ್ಕಳನ್ನ ಸಾಕ್ಷಿಗೆ ಅಂತ ಕೇಳಬೇಕಾದ್ರೆ ಅವರಿರೋ ಜಾಗಕ್ಕೇ ಹೋಗಿ ಕೇಳಬೇಕು, ಸ್ಟೇಷನ್‌ಗೆ ಕರೆಸೋ ಹಾಗಿಲ್ಲ. ಅದು ಕಾನೂನು. ಫೋಟೋ ಹೊರಗೆ ಬಿಟ್ಟಿದ್ದು ತಪ್ಪು. ದೂರು ಕೊಡೋದಾದ್ರೆ ಡಿಸಿಪಿ ಆಫೀಸಿಗೆ ಕೊಡು. ನಾನು ಹೇಳ್ದೆ ಅಂತ ಹೇಳ್ಬೇಡ."

"ನೀನು ಹೇಳ್ದೆ ಅಂತ ಹೇಳಲ್ಲ. ಕಾನೂನು ಹೇಳುತ್ತೆ ಅಂತ ಹೇಳ್ತೀನಿ," ಎಂದಳು ಕಮಲಾದೇವಿ.

ಸೋಮವಾರ ಅವಳು ಉತ್ಸಾಹದಿಂದ ಪಾರ್ಲರಿಗೆ ಬಂದು, ದೂರು ಕೊಡೋಣ, ಪತ್ರಿಕೆಯವರನ್ನು ಕರೆಯೋಣ, ಬೀದಿಗಿಳಿಯೋಣ ಎಂದೆಲ್ಲ ಹೇಳಿದಳು. ಮಾವಿ ಟವೆಲು ಮಡಿಸುತ್ತಿದ್ದವಳು ನಿಲ್ಲಿಸಲಿಲ್ಲ.

"ಬೇಡ ಅಕ್ಕ," ಎಂದಳು.

"ಯಾಕೆ? ಹೆದರಿಕೆನಾ?"

"ಹೆದರಿಕೆ ಅಲ್ಲ. ನನ್ನ ಫೇಸ್ ಈಗಾಗ್ಲೇ ಎಲ್ಲರ ಮೊಬೈಲಲ್ಲಿದೆ. ಇನ್ನೂ ತೋರಿಸ್ಬೇಕಾ? ನೀವು ಸ್ಟ್ರಾಂಗ್ ಇದ್ದೀರ, ಜಗಳ ಆಡಿ ಮನೆಗೆ ಹೋಗ್ತೀರ. ನಾನು ಬಸ್ಸಲ್ಲಿ ಹೋಗ್ಬೇಕು."

ಕಮಲಾದೇವಿಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ತಾನು ಯಾರಿಗಾಗಿ ಹೋರಾಡಲು ಹೊರಟಿದ್ದಳೋ ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಸಿಟ್ಟೂ ಬಂತು, ನಾಚಿಕೆಯೂ ಆಯಿತು. "ಸರಿಯಮ್ಮ. ನೀನು ಹೇಳೋವರೆಗೂ ನಾನು ಬಾಯಿ ಬಿಡಲ್ಲ," ಎಂದಳು. ಅನ್ಯಾಯ ಕಂಡರೆ ಸುಮ್ಮನಿರದ ಅವಳ ಜಾಯಮಾನಕ್ಕೆ ಅದು ಎಷ್ಟು ಕಷ್ಟದ ಮಾತು ಎಂದು ತಿಳಿದ ಅಂಜನಾ ಕನ್ನಡಿಯ ಕಡೆ ತಿರುಗಿ ನಕ್ಕಳು.

ಹತ್ತು ದಿನ ಕಳೆಯಿತು. ಬಿಟಿಎಂನಲ್ಲಿ, ಕೋರಮಂಗಲದಲ್ಲಿ, ಜೆ.ಪಿ. ನಗರದಲ್ಲಿ ಪಾರ್ಲರುಗಳಲ್ಲಿ ಕೆಲಸ ಮಾಡುವ ಈಶಾನ್ಯದ ಹುಡುಗಿಯರು ಭಾನುವಾರ ಚರ್ಚಿನಲ್ಲಿ ಸೇರುತ್ತಿದ್ದರು. ಅಲ್ಲಿ ಮಾವಿ ತನ್ನ ಸುದ್ದಿ ಹೇಳಿದಾಗ ಒಬ್ಬೊಬ್ಬಳೂ ಒಂದೊಂದು ಸುದ್ದಿ ಹೇಳಿದಳಂತೆ. ಒಬ್ಬಳನ್ನು ಗಸ್ತಿನವರು ಯಾವಾಗಲೂ ನಿಲ್ಲಿಸಿ ಬ್ಯಾಗು ತೆಗೆಸುತ್ತಾರೆ. ಇನ್ನೊಬ್ಬಳು ಕಳೆದುಹೋದ ತನ್ನ ಫೋನಿನ ದೂರು ಕೊಡಲು ಹೋದರೆ ಮೊದಲು ಪಾಸ್‌ಪೋರ್ಟ್ ಕೇಳಿದರು. ಆ ಮಂಗಳವಾರ ಮಾವಿ ಮಾಸ್ಕ್ ಇಲ್ಲದೆ ಕೆಲಸಕ್ಕೆ ಬಂದಳು.

"ಅಕ್ಕ, ನಾವು ದೂರು ಕೊಡ್ತೀವಿ. ಶನಿವಾರ ಫ್ರೀಡಂ ಪಾರ್ಕಲ್ಲಿ ಧರಣಿ ಕೂರ್ತೀವಿ, ಪರ್ಮಿಷನ್ ತಗೊಂಡಾಗಿದೆ. ನಾನು ಮಾತಾಡ್ತೀನಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ."

"ಶನಿವಾರ ಮೂವರು ಮದುಮಕ್ಕಳ ಮೇಕಪ್ಪಿದೆಯಲ್ಲೇ," ಎಂದಳು ಕಮಲಾದೇವಿ, ಅಭ್ಯಾಸಬಲದಿಂದ. ಮರುಕ್ಷಣವೇ ಫೋನು ತೆಗೆದು ಪರಿಚಯದ ಬೇರೆ ಪಾರ್ಲರಿನವರಿಗೆ ಮೂವರನ್ನೂ ಒಪ್ಪಿಸಿದಳು. ಮದುವೆ ಸೀಸನ್ನಿನ ಶನಿವಾರ ಅವಳ ಅಂಗಡಿಯ ಶಟರು ಇಳಿದದ್ದು ಅದೇ ಮೊದಲು.

ಫ್ರೀಡಂ ಪಾರ್ಕಿಗೆ ನೂರಕ್ಕೂ ಹೆಚ್ಚು ಜನ ಬಂದಿದ್ದರು. ಅಂಜನಾ ಬಂದಳು. ಹುಲಿಗೆವ್ವನೂ ಬಂದಳು. ಶಾಲಿನಿಯ ಮನೆಯ ಕೆಲಸ ಹೋಗಿತ್ತು, ಈಗ ಅದೇ ರಸ್ತೆಯ ಬೇರೆ ಎರಡು ಮನೆ ಹಿಡಿದಿದ್ದಳು. ಕಾಲೇಜು ಹುಡುಗರ ಒಂದು ಗುಂಪು ಡೋಲು ಹಿಡಿದು ಬಂದಿತ್ತು. ಅವರ ಮುಂದಾಳು ಆಶ್ರಿತ್, ಜಯನಗರದ ಹುಡುಗ. ಅವನು ಪೊಲೀಸರಿಗೆ ಧಿಕ್ಕಾರ ಎಂದು ಕೂಗಿಸತೊಡಗಿದಾಗ ಕಮಲಾದೇವಿ ಬಾಯಿ ಮುಚ್ಚಿಕೊಂಡಿದ್ದಳು. ಅವನು ಗಮನಿಸಿ ಹತ್ತಿರ ಬಂದ.

"ಆಂಟಿ, ನೀವ್ಯಾಕೆ ಕೂಗ್ತಿಲ್ಲ?"

"ನನ್ನ ತಮ್ಮ ಪೊಲೀಸು ಕಣಪ್ಪ. ಅವನಿಗೆ ನಾನು ಧಿಕ್ಕಾರ ಹೇಳಲ್ಲ."

"ಇದು ಒಬ್ಬರ ವಿಷಯ ಅಲ್ಲ ಆಂಟಿ. ಇಡೀ ಸಿಸ್ಟಮ್ಮೇ ಹಂಗಿದೆ. ಮುಖ ನೋಡೇ ಕಳ್ಳ ಅಂತ ತೀರ್ಮಾನ ಮಾಡ್ತಾರೆ."

"ಇರಬಹುದು. ನೀನು ಕೇಳೋದು ದೊಡ್ಡ ಪ್ರಶ್ನೆ, ಅದಕ್ಕೆ 'ನೋಡೋಣ' ಅಂದ್ಬಿಟ್ಟು ಹೋಗ್ತಾರೆ. ನಮ್ಮದು ಚಿಕ್ಕ ಪ್ರಶ್ನೆ. ಇಬ್ಬರು ಹೋಗಿದ್ರು, ಒಬ್ಬಳನ್ನ ಯಾಕೆ ಕರೆದ್ರಿ? ಚಿಕ್ಕ ಪ್ರಶ್ನೆಯಿಂದ ತಪ್ಪಿಸ್ಕೊಳ್ಳೋಕಾಗಲ್ಲ."

"ಚಿಕ್ಕದನ್ನ ಕೇಳ್ತಾ ಕೂತ್ರೆ ದೊಡ್ಡದನ್ನ ಯಾರು ಕೇಳೋದು?" ಎಂದ ಆಶ್ರಿತ್, ಸೋಲದೆ.

"ನೀನು ಕೇಳು. ನಾನು ಬೇಡ ಅಂದ್ನಾ?" ಎಂದು ಕಮಲಾದೇವಿ ಅವನ ಬೆನ್ನು ತಟ್ಟಿದಳು. ಹುಡುಗ ನಕ್ಕು ಡೋಲಿನ ಕಡೆ ಹೋದ.

ಮಾವಿ ಮೈಕು ಹಿಡಿದಳು. ಮಿಜೋದಲ್ಲಿ ಮಾತಾಡಬಹುದಿತ್ತು, ಇಂಗ್ಲಿಷಿನಲ್ಲೂ ಆಡಬಹುದಿತ್ತು. ಅವಳು ಕನ್ನಡದಲ್ಲಿ ಆಡಿದಳು. ದನಿ ಮೊದಲು ಸಣ್ಣಗಿತ್ತು.

"ನನ್ನ ಹೆಸರು ಲಾಲ್‌ಮಾವಿ. ನಾನು ನಿಮ್ಮ ಕೂದಲು ಕಟ್ ಮಾಡ್ತೀನಿ. ನಿಮ್ಮ ಕತ್ತಿನ ಹತ್ರ ನನ್ನ ಕತ್ತರಿ ಇರುತ್ತೆ, ಆಗ ನೀವು ಕಣ್ಣು ಮುಚ್ಕೊಂಡು ನಿದ್ದೆ ಮಾಡ್ತೀರ. ಅಷ್ಟು ನಂಬಿಕೆ ಇದೆ. ನಿಮ್ಮ ಮನೇಲಿ ಏನೋ ಕಳೆದುಹೋದ್ರೆ ಆ ನಂಬಿಕೆ ಎಲ್ಲಿ ಹೋಗುತ್ತೆ? ನನ್ನನ್ನ ಕೇಳ್ಬೇಡಿ ಅಂತ ಹೇಳ್ತಿಲ್ಲ. ಅಂಜನಾನ ಹೆಂಗೆ ಕೇಳ್ತೀರೋ ಹಂಗೆ ಕೇಳಿ. ಹುಲಿಗೆವ್ವ ಅಕ್ಕನ್ನ, ಮನೆಯ ಓನರ್ ಮೇಡಂನ ಹೆಂಗೆ ಕೇಳ್ತೀರೋ ಹಂಗೇ ಕೇಳಿ. ನನ್ನ ಫೋಟೋನ ಗ್ರೂಪುಗಳಿಂದ ಡಿಲೀಟ್ ಮಾಡಿ. ಅಷ್ಟೇ."

ಅವಳು ಮೈಕು ಕೊಟ್ಟುಬಿಟ್ಟಳು. ಬಂದೋಬಸ್ತಿಗೆ ನಿಂತಿದ್ದ ಮಹಿಳಾ ಪೇದೆಯೊಬ್ಬರು ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿ ಕೇಳುತ್ತಿದ್ದರು. ಕಮಲಾದೇವಿ ಕಣ್ಣೊರೆಸಿಕೊಳ್ಳಲಿಲ್ಲ, ಸೆರಗನ್ನು ಸೊಂಟಕ್ಕೆ ಬಿಗಿದು ಜೋರಾಗಿ ಚಪ್ಪಾಳೆ ತಟ್ಟಿದಳು. ಅವಳಿಗೆ ಮೈಕು ಕೊಡಲು ಯಾರೋ ಬಂದರು. "ಅವಳು ಹೇಳಿದ್ದಾಯ್ತಲ್ಲ, ನಾನೇನು ಹೇಳ್ಲಿ?" ಎಂದು ವಾಪಸ್ಸು ಕಳಿಸಿದಳು.

ದೂರು ಡಿಸಿಪಿ ಕಚೇರಿಗೆ ಹೋಯಿತು. ಕೆಲವು ಗಿರಾಕಿಗಳು ಬರುವುದನ್ನು ಬಿಟ್ಟರು. ಶಾಲಿನಿ ಫೋನು ಮಾಡಿ, "ನಮ್ಮನೆ ಮಾನ ಬೀದಿಗೆ ತಂದ್ರಿ" ಎಂದು ಜಗಳವಾಡಿದಳು. "ಮಾವಿ ಮಾನ ಯಾವ ಬೀದಿಗೆ ಹೋಯ್ತು ಅಂತ ನಿಮ್ಮ ವಾಟ್ಸಾಪಲ್ಲಿ ನೋಡಿ," ಎಂದು ಕಮಲಾದೇವಿ ಉತ್ತರ ಕೊಟ್ಟಳು. ತಿಂಗಳೊಳಗೆ ಒಂದು ಮಧ್ಯಾಹ್ನ ಅದೇ ಸಬ್ ಇನ್‌ಸ್ಪೆಕ್ಟರು ಮಹಿಳಾ ಪೇದೆಯೊಬ್ಬರ ಜೊತೆ ಪಾರ್ಲರಿಗೇ ಬಂದರು. ಅಂಜನಾಳ ಹೇಳಿಕೆ ಬರೆದುಕೊಂಡರು, ಮಾವಿಯದನ್ನು ಬರೆದುಕೊಂಡರು. ಹುಲಿಗೆವ್ವನನ್ನು ಅವಳ ಮನೆಯಲ್ಲೇ ಕಂಡು ಬಂದಿದ್ದರು. ಶಾಲಿನಿಯ ನೆಂಟರನ್ನೂ ಕೇಳಿದ್ದೇವೆ ಎಂದರು. ಅಪಾರ್ಟ್‌ಮೆಂಟಿನ ಗುಂಪಿನಿಂದ ಫೋಟೋ ತೆಗೆಸಿ, ತಪ್ಪಾಗಿ ಹಾಕಿದ್ದು ಎಂದು ಅಲ್ಲೇ ಬರೆಸಿದ್ದರು. ಕ್ಷಮಿಸಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಹೊರಡುವಾಗ ಮಾವಿಯ ಕಡೆ ನೋಡಿ, "ಅವತ್ತು ಹಂಗೆ ಆಗ್ಬಾರ್ದಿತ್ತು ಮೇಡಂ" ಎಂದರು. ಅವಳನ್ನು ಅವರು ಮೇಡಂ ಎಂದದ್ದು ಅದೇ ಮೊದಲ ಸಲ.

ಸರ ಇವತ್ತಿಗೂ ಸಿಕ್ಕಿಲ್ಲ. ಸೋಮನಾಥ್ ಇವತ್ತಿಗೂ ಅನುಭವದ ಮಾತು ಬಿಟ್ಟಿಲ್ಲ, ಅಕ್ಕನೂ ಬಿಟ್ಟುಕೊಟ್ಟಿಲ್ಲ. ಆದರೆ ಕಳೆದ ಯುಗಾದಿಗೆ ಬಂದಾಗ, ತನ್ನ ಠಾಣೆಯ ಹುಡುಗರಿಗೆ ಈ ಕೇಸನ್ನು ಹೆಸರು ಹೇಳದೆ ವಿವರಿಸಿದೆ ಎಂದು ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತ ಹೇಳಿದ.

ಈಗ ತಾವರೆಕೆರೆಯ ಒಂದು ಸಣ್ಣ ಹಾಲಿನಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ ಪಾರ್ಲರುಗಳ ಹುಡುಗಿಯರು ಸೇರುತ್ತಾರೆ. ಪೊಲೀಸರು ಬಂದರೆ ಏನು ಕೇಳಬಹುದು, ಏನು ಕೇಳಬಾರದು, ಯಾರಿಗೆ ಫೋನು ಮಾಡಬೇಕು ಎಂದು ಮಾತಾಡಿಕೊಳ್ಳುತ್ತಾರೆ. ಬಾಗಲಕೋಟೆಯ ಹುಡುಗಿಯರೂ ಬರುತ್ತಾರೆ, ಅಸ್ಸಾಮಿನವರೂ ಬರುತ್ತಾರೆ. ನಡೆಸುವವಳು ಮಾವಿ. ಕಮಲಾದೇವಿ ಕೊನೆಯ ಸಾಲಿನಲ್ಲಿ ಕೂರುತ್ತಾಳೆ. ನಡುವೆ ಬಾಯಿ ಹಾಕಬೇಕೆಂದು ನಾಲಗೆ ತುರಿಸಿದಾಗ ಫ್ಲಾಸ್ಕು ಎತ್ತಿಕೊಂಡು ಎಲ್ಲರಿಗೂ ಕಾಫಿ ಬಗ್ಗಿಸಲು ಏಳುತ್ತಾಳೆ.